ಪುನ ಪುನ ಹೇಳಿದ ಮಾತು

ಇಂಗ್ಲಿಷಿನ ‘ಇನ್‌ಕಲ್ಕೇಟ್’ (ಮತ್ತೆ ಮತ್ತೆ ಹೇಳಿ ಮನಸ್ಸಿನಲ್ಲಿ ನೆಲೆಗೊಳಿಸು) ಎಂಬ ಕ್ರಿಯಾಪದವನ್ನು ನಮ್ಮ ಭಾಗದ ವಿದ್ಯಾರ್ಥಿಗಳು ಕಥೆ, ಕಾದಂಬರಿಗಳಲ್ಲಿ ಓದಿ ಕಲಿಯುವುದು ಕಡಿಮೆ. ಶಾಲೆಯ ವಾರ್ಷಿಕ ವರದಿ, ಕಾಲೇಜಿನ ಪರಿಚಯ ಪುಸ್ತಿಕೆ, ಸರ್ಕಾರದ ಸುತ್ತೋಲೆ, ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಪತ್ರಿಕೆ, ಇಂಥ ಕಡೆಗಳಲ್ಲೇ ಅದು ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಇಂಗ್ಲಿಷ್ ಪೀಠಿಕೆಯಲ್ಲಿಯೂ ಅದರ ನಾಮರೂಪ ಬಂದಿದೆ. ಒಳ್ಳೆಯ ಶೈಕ್ಷಣಿಕ ರೂಢಿಗಳನ್ನು ನೆಲೆಗೊಳಿಸುವುದು ಆ ಕಾಯ್ದೆ ಹೇಳುವ ಉದ್ದೇಶಗಳಲ್ಲಿ ಒಂದು, ಮತ್ತು ಅದೇ ದೀರ್ಘ ವಾಕ್ಯದ ಕೊನೆಗೆ ಶಿಕ್ಷಣದ ಮೂಲಕ ವೈಜ್ಞಾನಿಕ ಹಾಗೂ ಜಾತ್ಯತೀತ ದೃಷ್ಟಿಯನ್ನು ಬೆಳೆಸುವ ಮಾತೂ ಇದೆ. ಹೀಗೆ ಮಕ್ಕಳ ಮನಸ್ಸಿನಲ್ಲಿ ಏನನ್ನೋ ನೆಲೆಗೊಳಿಸಲು ಹೊರಟ ಹಿರಿಯರೆಲ್ಲ ಈ ಪದದ ಮೊರೆ ಹೋಗುತ್ತಾರೆ. ಪದ ಎಷ್ಟು ಬಳಕೆಯಲ್ಲಿದೆಯೋ ಅದರ ಒಳಗಿನ ಕ್ರಿಯೆಯ ಬಗ್ಗೆ ಅಷ್ಟು ವಿಚಾರ ನಡೆದಿಲ್ಲ ಎಂಬುದು ನನ್ನ ಅನಿಸಿಕೆ.

ನಾನು ಕಲಬುರಗಿಯಲ್ಲಿ ಇಂಗ್ಲಿಷ್ ಹೇಳಿಕೊಡುವವನು. ಅಫಜಲಪುರ, ಜೇವರ್ಗಿ, ಆಳಂದ, ಸೇಡಂ ಕಡೆಯಿಂದ ಬಂದು, ರೂಮು ಮಾಡಿಕೊಂಡು, ಹಗಲೆಲ್ಲ ಗ್ರಂಥಾಲಯದಲ್ಲಿ ಕುಳಿತು ಸರ್ಕಾರಿ ನೌಕರಿಯ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಪದಸಂಪತ್ತಿನ ಪಾಠ ಮಾಡುವಾಗ ಈ ಪದ ಬಂದೇ ಬರುತ್ತದೆ. ಜೊತೆಗೆ ಅದರ ನೆರೆಯ ಪದವಾದ ‘ಇಂಡಾಕ್ಟ್ರಿನೇಟ್’ (ಒಂದು ಸಿದ್ಧಾಂತವನ್ನು ತಲೆಗೆ ತುರುಕು) ಕೂಡ ಬರುತ್ತದೆ. ಅಫಜಲಪುರ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇಷ್ಟೇ: “ಸರ್, ಎರಡೂ ತಲಿಯಾಗ ತುಂಬೋದೇ ಅದಾವಲ್ರೀ, ಮತ್ತ ಫರಕ್ ಏನದ ರೀ?” ಪರೀಕ್ಷೆಗೆ ಬೇಕಾದ ಉತ್ತರವನ್ನು ಒಂದೇ ಮಾತಿನಲ್ಲಿ ಕೊಡಬಹುದು: ಮೊದಲನೆಯದಕ್ಕೆ ಒಳ್ಳೆಯ ಅರ್ಥ, ಎರಡನೆಯದಕ್ಕೆ ಕೆಟ್ಟ ಅರ್ಥ. ಆದರೆ ಆ ಉತ್ತರದಿಂದ ಅವಳ ಪ್ರಶ್ನೆ ಬಗೆಹರಿಯುವುದಿಲ್ಲ. ನಾವು ತುಂಬಿದರೆ ಸಂಸ್ಕಾರ, ಇನ್ನೊಬ್ಬರು ತುಂಬಿದರೆ ತಲೆ ಕೆಡಿಸುವುದು ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಹಾಗಾದರೆ ಒಳ್ಳೆಯದು ಕೆಟ್ಟದ್ದು ಎಂಬುದನ್ನು ತೀರ್ಮಾನಿಸುವುದು ಯಾವ ಆಧಾರದ ಮೇಲೆ?

ಮೊದಲು ಬಳಕೆಯ ಮಾತು. ಇನ್‌ಕಲ್ಕೇಟ್ ಎಂಬುದಕ್ಕೆ ಕರ್ಮವಾಗಿ ನಿಲ್ಲುವುದು ಮೌಲ್ಯ, ನಂಬಿಕೆ, ಅಭ್ಯಾಸ, ಶಿಸ್ತು, ಹೊಣೆಗಾರಿಕೆಯಂಥವು. ಯಾರ ಮನಸ್ಸಿನಲ್ಲಿ ಅವು ನೆಲೆಗೊಳ್ಳಬೇಕೋ ಅವರನ್ನು ಸೂಚಿಸುವ ಪದಕ್ಕಿಂತ ಮೊದಲು ‘ಇನ್’ ಅಥವಾ ‘ಇಂಟು’ ಬರುತ್ತದೆ. ನಮ್ಮ ವಿದ್ಯಾರ್ಥಿಗಳು ‘ಮಕ್ಕಳಿಗೆ ಕಲಿಸು’ ಎಂಬ ಚತುರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿ ‘ಟು’ ಬರೆದುಬಿಡುತ್ತಾರೆ. ‘ಮಕ್ಕಳಲ್ಲಿ ಬೇರೂರಿಸು’ ಎಂಬ ಸಪ್ತಮಿಯನ್ನು ನೆನೆದುಕೊಂಡರೆ ‘ಇನ್’ ತಾನಾಗಿ ಬರುತ್ತದೆ. ಮಕ್ಕಳನ್ನೇ ಕರ್ಮವಾಗಿಸಿ ಮುಂದೆ ‘ವಿತ್’ ಹಾಕುವ ಪ್ರಯೋಗವೂ ನಿಘಂಟುಗಳಲ್ಲಿ ಸಿಗುತ್ತದೆಯಾದರೂ ಎಚ್ಚರಿಕೆಯಿಂದ ಬರೆಯುವವರು ಅದನ್ನು ದೂರವಿಡುತ್ತಾರೆ. ಮಗ್ಗಿಯನ್ನೋ, ಕಂಪ್ಯೂಟರ್ ಬಳಕೆಯನ್ನೋ, ರಾಜಧಾನಿಗಳ ಹೆಸರನ್ನೋ ಕಲಿಸುವುದಕ್ಕೆ ಈ ಪದ ಹೊಂದದು. ಅಲ್ಲಿ ‘ಟೀಚ್’ ಸಾಕು. ಹಾಗೆಯೇ ಒಂದು ದಿನದ ಶಿಬಿರದಿಂದ ಯುವಕರಲ್ಲಿ ದೇಶಪ್ರೇಮ ಇನ್‌ಕಲ್ಕೇಟ್ ಆಯಿತೆಂದು ವರದಿ ಬರೆಯುವುದೂ ತಪ್ಪು, ಏಕೆಂದರೆ ಮತ್ತೆ ಮತ್ತೆ ಹೇಳಿ ಬಹುಕಾಲದಲ್ಲಿ ನೆಲೆಗೊಳಿಸುವುದು ಎಂಬ ಭಾವ ಆ ಪದದ ಅರ್ಥದಲ್ಲೇ ಸೇರಿದೆ.

ಆ ಭಾವ ಅದಕ್ಕೆ ಬಂದದ್ದು ಹುಟ್ಟಿನಿಂದ. ಲ್ಯಾಟಿನ್ ಭಾಷೆಯಲ್ಲಿ ‘ಕಾಲ್ಕ್ಸ್’ ಎಂದರೆ ಹಿಮ್ಮಡಿ, ‘ಕಾಲ್ಕಾರೆ’ ಎಂದರೆ ತುಳಿ, ‘ಇನ್‌ಕಲ್ಕಾರೆ’ ಎಂದರೆ ತುಳಿದು ಒಳಗೆ ಸೇರಿಸು. ಹದಿನಾರನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂದಾಗ ತುಳಿತದ ಜಾಗದಲ್ಲಿ ಮಾತಿನ ಪುನರಾವೃತ್ತಿ ನಿಂತಿತು. ನಮ್ಮ ಕಡೆ ಮಾಳಿಗೆಗೆ ಹಾಕುವ ಮಣ್ಣನ್ನು ಹೊಟ್ಟು ಬೆರೆಸಿ, ನೆನೆಹಾಕಿ, ಗಂಟು ಉಳಿಯದಂತೆ ಕಾಲಿನಿಂದ ತುಳಿದು ಹದ ಮಾಡುವುದನ್ನು ಕಂಡವರಿಗೆ ಈ ಧಾತುವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಪದದ ಹುಟ್ಟಿನಲ್ಲಿ ಬಲಾತ್ಕಾರವಿದೆ, ಆದ್ದರಿಂದ ಅದರ ಇಂದಿನ ಬಳಕೆಯಲ್ಲೂ ಬಲಾತ್ಕಾರವಿದೆ ಎಂದು ವಾದಿಸುವುದು ಸರಿಯಲ್ಲ. ಇಂಡಾಕ್ಟ್ರಿನೇಟ್ ಎಂಬುದರ ಮೂಲದಲ್ಲಿ ತುಳಿತವೇ ಇಲ್ಲ. ‘ಡಾಕ್ಟ್ರಿನಾ’ ಎಂದರೆ ಬೋಧನೆ ಅಷ್ಟೇ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಅದು ಸುಮ್ಮನೆ ‘ಕಲಿಸು’ ಎಂಬ ಅರ್ಥದಲ್ಲಿಯೇ ಬಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಇಡೀ ದೇಶಗಳ ಶಾಲೆಗಳೂ ರೇಡಿಯೋಗಳೂ ಒಂದೇ ಸಿದ್ಧಾಂತವನ್ನು ಮಕ್ಕಳಿಗೆ ಉಣಿಸಿದ್ದನ್ನು ಲೋಕ ನೋಡಿದ ಮೇಲೆ ಆ ಪದಕ್ಕೆ ಇಂದಿನ ಕಪ್ಪು ಹತ್ತಿತು.

ವ್ಯಾಕರಣದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನಾನು ತರಗತಿಯಲ್ಲಿ ನಿಧಾನವಾಗಿ ಬಿಡಿಸುತ್ತೇನೆ. ಇನ್‌ಕಲ್ಕೇಟ್ ಎಂಬುದರ ಕರ್ಮ ಮೌಲ್ಯ. ಇಂಡಾಕ್ಟ್ರಿನೇಟ್ ಎಂಬುದರ ಕರ್ಮ ಮನುಷ್ಯ. ಪ್ರಾಮಾಣಿಕತೆಯನ್ನು ಮಗುವಿನಲ್ಲಿ ನೆಲೆಗೊಳಿಸುತ್ತೇವೆ ಎನ್ನುವಾಗ ಮಗು ಆ ಕ್ರಿಯೆ ನಡೆಯುವ ನೆಲೆಯಾಗಿ ಉಳಿಯುತ್ತದೆ. ಎರಡನೆಯ ಪದ ಬಳಸಿದಾಗ ಕ್ರಿಯೆ ನೇರವಾಗಿ ಮಗುವಿನ ಮೇಲೆಯೇ ನಡೆಯುತ್ತದೆ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಹುಡುಕಲು ಇದು ಒಂದು ದಾರಿ, ಆದರೆ ಪೂರ್ತಿ ದಾರಿಯಲ್ಲ.

ಪುನರಾವೃತ್ತಿಯ ಶಕ್ತಿ ಸಣ್ಣದಲ್ಲ ಎಂಬುದಕ್ಕೆ ಪ್ರಯೋಗದ ಆಧಾರವಿದೆ. 1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲಿನ್ ಹಾಶರ್, ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಥಾಮಸ್ ಟೋಪಿನೋ ಅವರು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಕೆಲವು ಹೇಳಿಕೆಗಳನ್ನು ಕೇಳಿಸಿ, ಪ್ರತಿಯೊಂದು ಎಷ್ಟರಮಟ್ಟಿಗೆ ನಿಜವೆನಿಸುತ್ತದೆ ಎಂದು ಗುರುತು ಹಾಕಿಸಿದರು. ಕೆಲವು ಹೇಳಿಕೆ ನಿಜ, ಕೆಲವು ಸುಳ್ಳು. ಕೆಲವು ಮೂರೂ ಸಲ ಮರಳಿ ಬಂದವು, ಉಳಿದವು ಪ್ರತಿಸಲ ಹೊಸವು. ಮರಳಿ ಬಂದ ಹೇಳಿಕೆಗಳು, ನಿಜವೇ ಆಗಿರಲಿ ಸುಳ್ಳೇ ಆಗಿರಲಿ, ಸಲದಿಂದ ಸಲಕ್ಕೆ ಹೆಚ್ಚು ನಿಜವೆನಿಸುತ್ತ ಹೋದವು. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಒಂದೇ ಸುದ್ದಿಯನ್ನು ಮೂರು ಗುಂಪುಗಳಿಂದ ಪಡೆಯುವ ನಮಗೆ ಈ ಫಲಿತಾಂಶ ಹೆದರಿಕೆ ಹುಟ್ಟಿಸಬೇಕು. ಮತ್ತೆ ಮತ್ತೆ ಕೇಳಿದ್ದಕ್ಕೆ ಮನಸ್ಸು ಒಗ್ಗಿಕೊಳ್ಳುತ್ತದೆ, ಒಗ್ಗಿಕೊಂಡದ್ದನ್ನು ನಂಬುತ್ತದೆ. ಇದು ಗೊತ್ತಿದ್ದೂ ಮಕ್ಕಳ ಮುಂದೆ ಒಂದೇ ಮಾತನ್ನು ನೂರು ಸಲ ಹೇಳುವ ಹಿರಿಯರು ಯಾವ ಹಕ್ಕಿನಿಂದ ಹಾಗೆ ಹೇಳಬಹುದು?

ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿದ ಒಬ್ಬ ಅರಸನ ಮಾತು ನಮ್ಮ ಜಿಲ್ಲೆಯಲ್ಲಿಯೇ ಕಲ್ಲಿನ ಮೇಲಿದೆ. ಚಿತ್ತಾಪುರ ತಾಲೂಕಿನ ಸನ್ನತಿ ಭೀಮಾ ನದಿಯ ದಂಡೆಯ ಊರು. ಚಂದ್ರಲಾಂಬೆಯ ಗುಡಿಗೆಂದು ಅಲ್ಲಿಗೆ ಹೋಗುವವರು ಬಹಳ. ಆ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿ ಇರಿಸಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನಗಳು, ಭಾಷೆ ಪ್ರಾಕೃತ. ಮೂರ್ತಿಯನ್ನು ನಿಲ್ಲಿಸಲು ಕಲ್ಲನ್ನು ನಡುವೆ ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಹೋದದ್ದನ್ನು ವಿದ್ವಾಂಸರು ಬೇರೆ ಕಡೆ ಸಿಕ್ಕ ಪ್ರತಿಗಳ ನೆರವಿನಿಂದ ಓದಿಕೊಳ್ಳುತ್ತಾರೆ. ಅಶೋಕನ ಹದಿನಾಲ್ಕು ದೊಡ್ಡ ಬಂಡೆ ಶಾಸನಗಳಲ್ಲಿ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು, ಜೊತೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಇರುವ ಎರಡು ಪ್ರತ್ಯೇಕ ಶಾಸನಗಳು, ಇವಿಷ್ಟರ ಪಾಠ ಈ ಒಂದೇ ಕಲ್ಲಿನಲ್ಲಿ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪದಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರಿನೊಡನೆ ಅದೇ ಅರಸನ ರೂಪವೂ ದೊರೆತಿದೆ. ಸನ್ನತಿಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಆ ಶಿಲ್ಪವನ್ನು ಕೊಂಡಾಡಿ ಮುಂದೆ ಸಾಗುತ್ತಾರೆ. ನನಗೆ ಆ ಪೀಠದ ಕಲ್ಲಿನ ಮಾತೇ ಹೆಚ್ಚಿನದು, ಏಕೆಂದರೆ ನಂಬಿಕೆಯನ್ನು ನೆಲೆಗೊಳಿಸುವುದು ಹೇಗೆ ಎಂಬ ವಿಚಾರದಲ್ಲಿ ಅದರಷ್ಟು ಸ್ಪಷ್ಟವಾದ ಹಳೆಯ ದಾಖಲೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಹದಿನಾಲ್ಕನೆಯ ಶಾಸನ ಚಿಕ್ಕದು. ತನ್ನ ಧರ್ಮಲಿಪಿಗಳು ಕೆಲವು ಕಡೆ ಸಂಕ್ಷಿಪ್ತವಾಗಿ, ಕೆಲವು ಕಡೆ ಮಧ್ಯಮವಾಗಿ, ಕೆಲವು ಕಡೆ ವಿಸ್ತಾರವಾಗಿ ಇವೆ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ, ರಾಜ್ಯ ದೊಡ್ಡದು, ಬರೆಸಿದ್ದು ಬಹಳ, ಬರೆಸಬೇಕಾದದ್ದೂ ಇದೆ ಎಂದು ಅರಸ ಹೇಳುತ್ತಾನೆ. ಆಮೇಲೆ ಬರುವ ಮಾತು ನಮ್ಮ ಪ್ರಶ್ನೆಗೆ ನೇರವಾಗಿ ಸೇರಿದ್ದು: ಕೆಲವನ್ನು ‘ಪುನ ಪುನ’ ಹೇಳಲಾಗಿದೆ, ಆಯಾ ವಿಷಯದ ಮಾಧುರ್ಯದ ಕಾರಣಕ್ಕಾಗಿ, ಜನ ಹಾಗೆ ನಡೆದುಕೊಳ್ಳಲಿ ಎಂದು. ಮರಳಿ ಮರಳಿ ಹೇಳುತ್ತಿದ್ದೇನೆಂಬ ಅರಿವು ಹೇಳುವವನಿಗೆ ಇದೆ. ಅದನ್ನು ಅವನು ಮುಚ್ಚಿಡುವುದಿಲ್ಲ, ಅದಕ್ಕೆ ಕಾರಣವನ್ನೂ ಕೊಡುತ್ತಾನೆ, ಮತ್ತು ಆ ಕಾರಣವನ್ನು ಅವನು ತನ್ನ ಅಧಿಕಾರದಲ್ಲಿ ಹುಡುಕದೆ ವಿಷಯದ ಸಿಹಿಯಲ್ಲಿ ಹುಡುಕುತ್ತಾನೆ. ಕೇಳುವವನಿಗೆ ಆ ಮಾಧುರ್ಯ ತಟ್ಟದಿದ್ದರೆ ಪುನರಾವೃತ್ತಿಗೆ ಸಮರ್ಥನೆಯೇ ಉಳಿಯುವುದಿಲ್ಲ ಎಂಬುದು ಈ ಮಾತಿನೊಳಗೆ ಅಡಗಿದೆ ಎಂದು ನಾನು ತಿಳಿಯುತ್ತೇನೆ.

ಕಲ್ಲಿನ ಇನ್ನೊಂದು ಮುಖದ ಪ್ರತ್ಯೇಕ ಶಾಸನಗಳು ಇನ್ನೂ ಮುಂದೆ ಹೋಗುತ್ತವೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಪ್ರಸಿದ್ಧ ಮಾತು ಇರುವುದು ಇವುಗಳಲ್ಲಿಯೇ. ಆ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದನ್ನು ಯಾರಿಗೆ ಹೇಳಿದ್ದು ಎಂಬುದನ್ನು ಗಮನಿಸುವವರು ಕಡಿಮೆ. ಈ ಶಾಸನಗಳ ಮಾತು ಅಧಿಕಾರಿಗಳನ್ನು ಉದ್ದೇಶಿಸಿದ್ದು. ನ್ಯಾಯ ನೋಡುವವರು ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವುಗಳಿಗೆ ಒಳಗಾಗದೆ ನಡೆದುಕೊಳ್ಳಬೇಕು, ಕಾರಣವಿಲ್ಲದೆ ಯಾರನ್ನೂ ಬಂಧಿಸಬಾರದು, ಹಿಂಸಿಸಬಾರದು ಎಂದು ಹೇಳಿ, ಈ ಲಿಪಿಯನ್ನು ತಿಷ್ಯ ನಕ್ಷತ್ರದ ದಿನ, ಅಂದರೆ ನಾವು ಪುಷ್ಯ ಎನ್ನುವ ನಕ್ಷತ್ರದ ದಿನ, ಕೇಳಿಸಬೇಕು, ನಡುನಡುವೆಯೂ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂದು ಅರಸ ವಿಧಿಸುತ್ತಾನೆ. ಪುನರಾವೃತ್ತಿಯ ಮೊದಲ ಭಾರ ಇಲ್ಲಿ ಬಲವುಳ್ಳವರ ಮೇಲೆ ಬಿದ್ದಿದೆ. ನಮ್ಮ ಕಾಲದಲ್ಲಿ ಮೌಲ್ಯಶಿಕ್ಷಣದ ತಾಸು ಇರುವುದು ಮಕ್ಕಳಿಗೆ ಮಾತ್ರ. ಸತ್ಯ ಹೇಳಬೇಕು, ಸರತಿಯಲ್ಲಿ ನಿಲ್ಲಬೇಕು, ಎಲ್ಲರನ್ನೂ ಸಮನಾಗಿ ಕಾಣಬೇಕು ಎಂದು ಎಂಟು ವರ್ಷದ ಹುಡುಗನಿಗೆ ವಾರವಾರವೂ ಹೇಳುತ್ತೇವೆ, ಅವನ ತಂದೆಗೆ, ಅವನ ಮೇಷ್ಟ್ರಿಗೆ, ಅವನ ತಂದೆ ದಾಖಲೆಗಾಗಿ ಅಲೆಯುವ ಕಚೇರಿಯ ಸಾಹೇಬರಿಗೆ ಆ ಮಾತು ಹೇಳುವ ದಿನ ಪಂಚಾಂಗದಲ್ಲಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಹೇಳುವವನು ತಾನೂ ಅದೇ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುವವನಾಗಿದ್ದರೆ ಅದು ಸಂಸ್ಕಾರ. ಹೇಳುವವನಿಗೆ ಆ ಮಾತು ಅನ್ವಯವಾಗದೆ ಕೇಳುವವನಿಗೆ ಮಾತ್ರ ಕಡ್ಡಾಯವಾದರೆ ಅದನ್ನು ಎರಡನೆಯ ಪದದಿಂದಲೇ ಕರೆಯಬೇಕು.

ಹನ್ನೆರಡನೆಯ ಶಾಸನದ್ದು ಬೇರೆ ಬಗೆಯ ಕಟ್ಟಳೆ. ತನ್ನ ಪಂಥದ ಮೇಲಿನ ಭಕ್ತಿಯಿಂದ ಅದನ್ನು ಹೊಗಳಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿ ಮಾಡುತ್ತಾನೆ, ಆದ್ದರಿಂದ ಮಾತಿನಲ್ಲಿ ಹಿಡಿತ ಬೇಕು ಎನ್ನುತ್ತದೆ ಅದು. ಗುಜರಾತಿನ ಗಿರ್ನಾರದಲ್ಲಿರುವ ಪಾಠದಲ್ಲಿ ‘ಸಮವಾಯೋ ಏವ ಸಾಧು’ ಎಂದಿದೆ, ಕೂಡಿ ಬಾಳುವುದೇ ಒಳ್ಳೆಯದು. ಅದರ ವಿವರಣೆಯೂ ಬೆನ್ನಿಗೇ ಇದೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳಲು ಮನಸ್ಸು ಮಾಡಬೇಕು, ಎಲ್ಲ ಪಂಥದವರೂ ಬಹುಶ್ರುತರಾಗಬೇಕು. ಇದೇ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರ ಆಳ್ವಿಕೆಯಿದ್ದಾಗ, ಸನ್ನತಿಯ ಕಲ್ಲಿಗೆ ಸಾವಿರ ವರ್ಷಕ್ಕೂ ಮಿಗಿಲಾದ ಮೇಲೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದನ್ನೇ ‘ಕಸವರ’ವೆಂದು, ಅಂದರೆ ಚಿನ್ನವೆಂದು ಕರೆಯಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಭೀಮಾ ಮತ್ತು ಕಾಗಿಣಾ ನದಿಗಳ ನಡುವಿನ ಈ ನೆಲದಲ್ಲಿ ಎರಡೂ ಮಾತುಗಳು ದಾಖಲಾಗಿವೆ ಎಂಬ ಅಭಿಮಾನ ನನಗಿದೆ. ನೆಲೆಗೊಳಿಸುವುದಕ್ಕೂ ತುರುಕುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕೈಗೆ ಸಿಗುತ್ತದೆ: ಹೇಳಿಕೊಟ್ಟ ಮಾತು ಇನ್ನೊಬ್ಬರ ಮಾತಿಗೆ ಕಿವಿಯನ್ನು ತೆರೆದಿಡುತ್ತದೆಯೋ ಮುಚ್ಚುತ್ತದೆಯೋ ಎಂದು ನೋಡಿದರೆ ಸಾಕು.

ಇದು ನಮ್ಮ ಜನರಿಗೆ ಹೊಸದಲ್ಲ. ಎಳ್ಳ ಅಮವಾಸ್ಯೆಯ ದಿನ ಕಲಬುರಗಿ, ಬೀದರ, ಯಾದಗಿರಿಯ ಊರುಗಳಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದುಂಟು. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಕಟ್ಟಿಕೊಂಡು ಹೋಗಿ, ಪೂಜೆ ಮಾಡಿ, ನಿಂತ ಜೋಳ, ಕಡಲೆಯ ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಭೂಮಿಗೆ ಉಣಿಸದೆ ನಾವು ಉಣ್ಣಬಾರದು ಎಂಬ ನಂಬಿಕೆಯನ್ನು ಯಾರೂ ಪಾಠವಾಗಿ ಹೇಳಿಕೊಡುವುದಿಲ್ಲ. ಮಗು ಪ್ರತಿವರ್ಷ ಚರಗದ ಬುಟ್ಟಿ ಹಿಡಿದವರ ಹಿಂದೆ ಸಾಲಿನಲ್ಲಿ ನಡೆಯುತ್ತದೆ, ಅವರು ಕೂಗಿದ್ದನ್ನು ತಾನೂ ಕೂಗುತ್ತದೆ, ಚೆಲ್ಲಿದ ಅನ್ನ ಕಪ್ಪು ಎರೆಯ ಬಿರುಕಿನಲ್ಲಿ ಬೀಳುವುದನ್ನು ನೋಡುತ್ತದೆ. ಅಂಥ ಒಂದು ಹೊಲದಲ್ಲಿ ಆರೇಳು ವರ್ಷದ ಹುಡುಗ ತನ್ನ ಅಜ್ಜಿಯನ್ನು ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. “ಆಯಿ, ಭೂಮಿಗಿ ಬಾಯಿ ಎಲ್ಲಿ ಅದ? ಇದು ಯಾರು ತಿಂತಾರ?” ಅಜ್ಜಿ ಸಿಟ್ಟಾಗಲಿಲ್ಲ, ಹಾಗೆಲ್ಲ ಕೇಳಬಾರದು ಎನ್ನಲಿಲ್ಲ. “ಹಕ್ಕಿ ತಿಂತಾವ, ಇರಿವಿ ತಿಂತಾವ, ಉಳಿದಿದ್ದು ಮಣ್ಣಾಗ್ತದ ತಮ್ಮಾ. ನಾಳಿ ಬಂದು ನೋಡು ಬೇಕಾದ್ರ” ಎಂದಳು. ಸೀರೆಯ ಸೆರಗಿಗೆ ಅಂಟಿದ ಭಜ್ಜಿಯನ್ನು ಒರೆಸಿಕೊಳ್ಳುತ್ತಲೇ ಅವಳು ಕೊಟ್ಟ ಆ ಉತ್ತರದಲ್ಲಿ ನಂಬಿಕೆಯೂ ಉಳಿಯಿತು, ಪ್ರಶ್ನೆಗೂ ಜಾಗ ಉಳಿಯಿತು, ಪರೀಕ್ಷಿಸಿ ನೋಡುವ ದಾರಿಯೂ ತೆರೆಯಿತು. ಅದೇ ದಿನ ಆ ಹೊಲದ ಬದುವಿನ ಮೇಲೆ ಉಣ್ಣಲು ಕುಳಿತವರಲ್ಲಿ ಚರಗ ಚೆಲ್ಲದ ಮನೆತನದವರೂ ಇದ್ದರು. ಅವರನ್ನು ಕರೆಯುವುದೂ ಆ ಹಬ್ಬದ ರೂಢಿಯೇ.

ಇದಕ್ಕೆ ವಿರುದ್ಧವಾದ ನಡೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ತೂಗಿ ನೋಡಿದ್ದೂ ಸನ್ನತಿಯ ಕಲ್ಲು ಬೆಳಕಿಗೆ ಬಂದ 1986ರಲ್ಲಿಯೇ. ಕೇರಳದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆ ನಡೆಯುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು, ಹೊರಹಾಕಿದ್ದು ಸಂವಿಧಾನ ಕೊಟ್ಟ ಹಕ್ಕುಗಳ ಉಲ್ಲಂಘನೆ ಎಂದು ಹೇಳಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ದೇಶದ ಮೇಲಿನ ಪ್ರೀತಿಯನ್ನು ನೆಲೆಗೊಳಿಸುವ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಹಾಡುವವರು ಹಾಡಿದರು, ನಿಂತವರು ನಿಂತರು. ಉಳಿದ ಮಕ್ಕಳ ಹಾಡಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ವಿದ್ಯಾರ್ಥಿನಿಗೆ ನಾನು ಇವೆಲ್ಲವನ್ನೂ ಒಂದೇ ತಾಸಿನಲ್ಲಿ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಪರೀಕ್ಷೆಯ ಪಾಠ ಮುಂದೆ ಸಾಗಬೇಕಿತ್ತು. ಹದಿನಾಲ್ಕನೆಯ ಶಾಸನದ ಕೊನೆಯ ಭಾಗವನ್ನು ಮಾತ್ರ ಅವರೆಲ್ಲರಿಗೂ ಓದಿ ಹೇಳಿದೆ. ಮಾಧುರ್ಯದ ಮಾತು ಮುಗಿದ ಕೂಡಲೇ ಅರಸ ಮತ್ತೊಂದು ಮಾತನ್ನು ಸೇರಿಸುತ್ತಾನೆ: ಈ ಬರಹಗಳಲ್ಲಿ ಕೆಲವು ಅಪೂರ್ಣವಾಗಿರಬಹುದು, ಅದಕ್ಕೆ ಸ್ಥಳ ಕಾರಣವಿರಬಹುದು, ವಿಷಯ ಹಿಡಿಸದೇ ಇದ್ದದ್ದು ಕಾರಣವಿರಬಹುದು, ಲಿಪಿಕಾರನ ತಪ್ಪೂ ಕಾರಣವಿರಬಹುದು. ತನ್ನ ಧರ್ಮಲಿಪಿ ಬಹುಕಾಲ ಉಳಿಯಲೆಂದು ಕಲ್ಲಿನಲ್ಲಿ ಕೊರೆಸಿದವನು ಅದೇ ಕಲ್ಲಿನಲ್ಲಿ ಅದರ ಕೊರತೆಯನ್ನೂ ಕೊರೆಸಿದ್ದಾನೆ. ಆ ಹುಡುಗಿ ಸ್ವಲ್ಪ ಹೊತ್ತು ನೋಟ್‌ಬುಕ್ ನೋಡುತ್ತ ಕುಳಿತಿದ್ದು, “ಹಂಗಾದ್ರ ಸರ್, ತಪ್ಪಿರಬಹುದು ಅಂತ ಹೇಳಿ ಕಲಿಸಿದ್ರ ಇನ್‌ಕಲ್ಕೇಟ್, ತಪ್ಪೇ ಇಲ್ಲ ಅಂತ ಹೇಳಿ ಕಲಿಸಿದ್ರ ಇಂಡಾಕ್ಟ್ರಿನೇಟ್, ಹೌದಿಲ್ರೀ?” ಎಂದಳು. ನಿಘಂಟಿನಲ್ಲಿ ಈ ಅರ್ಥ ಇಲ್ಲವೆಂದೂ, ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಬಾರದೆಂದೂ ಅವಳಿಗೆ ತಿಳಿಸಿ, ಅವಳ ವಾಕ್ಯವನ್ನು ಹಲಗೆಯ ಮೇಲೆ ಬರೆದೆ. ಉಳಿದವರು ಅದನ್ನು ಒಪ್ಪದೆ ವಾದಕ್ಕಿಳಿದರು.